ನಾನು ಊಹಿಸಿದ ಗಿರಿಜಕ್ಕ

“ಗಿರಿಜಕ್ಕ. ಐವತ್ತು ವರ್ಷ. ಓದು ಬಾರದು. ಮೊಬೈಲ್ ಎಂದರೆ ಭಯ.” ನಾನು ಬರೆದಿದ್ದ ಹಾಳೆಯನ್ನು ಹೊನ್ನಾವರದಲ್ಲಿ ಮೀನು ಮಾರುವ ನಾಗಮ್ಮಕ್ಕ ಗಟ್ಟಿಯಾಗಿ ಓದಿದರು. “ಯಾರು ತಂಗಿ ಇವ್ಳು? ನಮ್ಮಲ್ಲಿ ಇಂತವ್ರು ಯಾರೂ ಇಲ್ಲ” ಎಂದು ನಕ್ಕುಬಿಟ್ಟರು.

ಅವರ ಮೀನು ಮಾರುವ ಹೆಂಗಸರ ಸಂಘಕ್ಕೆ ವೆಬ್‌ಸೈಟ್ ಮಾಡಿಕೊಡಲು ಒಪ್ಪಿದ್ದ ನಾನು, ಬಳಸುವವರು ಹೇಗಿರಬಹುದೆಂದು ಕುಮಟಾದ ಮನೆಯಲ್ಲೇ ಕುಳಿತು ಊಹಿಸಿ ಈ ಗಿರಿಜಕ್ಕನನ್ನು ಸೃಷ್ಟಿಸಿದ್ದೆ. ನಾಚಿಕೆಯಾಯಿತು. ನಾಗಮ್ಮಕ್ಕ ಮಾತ್ರ ಬಂಗಡೆ ಮೀನಿನ ಫೋಟೊ ತೆಗೆದು ಗಿರಾಕಿಗಳಿಗೆ ಕಳಿಸುತ್ತಲೇ, “ಒದ್ದೆ ಕೈಲಿ ಒತ್ತೂಕೆ ಬರೂ ಹಾಂಗೆ ಬಟನ್ ದೊಡ್ಡ ಮಾಡು, ಆತು” ಎಂದರು. ಮೂರು ದಿನ ಬೆಳಿಗ್ಗೆ ಅವರ ಪಕ್ಕದಲ್ಲೇ ಕುಳಿತು ನೋಡಿ, ಆ ಹಾಳೆಯನ್ನು ಹೊಸದಾಗಿ ಬರೆದೆ.

ಈಗಲೂ ವೆಬ್‌ಸೈಟ್ ಮಾಡುವಾಗ ಇಂಥ ಕಾಲ್ಪನಿಕ ವ್ಯಕ್ತಿಯೊಬ್ಬರನ್ನು ಬರೆದುಕೊಳ್ಳುತ್ತೇನೆ. ಆದರೆ ನಿಜವಾದ ನಾಲ್ಕು ಜನರನ್ನು ಮಾತಾಡಿಸುವ ತನಕ ಪೆನ್ನು ಮುಟ್ಟುವುದಿಲ್ಲ.