ಮೂರು ಮಡಿಕೆಯ ಮೇಲಂಗಿ

ಕೆಫ್ ಊರಿನ ಮೇಲುಕೇರಿಗೆ ಎಂಬತ್ತಮೂರು ಮೆಟ್ಟಿಲು. ಅವುಗಳ ತುದಿಯಲ್ಲಿ, ಕೋಟೆಯ ಗೋಡೆಗೆ ಒರಗಿಕೊಂಡ ಹಾಗೆ ಇದ್ದ ಒಂಟಿ ಕೋಣೆಯ ಮನೆ ಮನ್ನೂಬಿಯಾಳದು. ನಾನು ಕೆಳಗಿನ ಪ್ರಾಥಮಿಕ ಶಾಲೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಪಾಠ ಹೇಳಿದೆ. ಆ ವರ್ಷಗಳಲ್ಲಿ ನನ್ನ ಮುಂದೆ ಕುಳಿತ ಮಕ್ಕಳಲ್ಲಿ ಅರ್ಧದಷ್ಟು ಮಂದಿ ಆಕೆ ಹೊಲಿದ ಮೇಲಂಗಿಯನ್ನೇ ತೊಟ್ಟಿದ್ದರು.

ಶಾಲೆಗೆ ಬರುವ ಮಗು ಬಟ್ಟೆಯ ಮೇಲೆ ಮೊಣಕಾಲು ಮುಟ್ಟುವ ಮೇಲಂಗಿ ತೊಡಲೇಬೇಕು. ಹುಡುಗಿಯಾದರೆ ಗುಲಾಬಿ, ಹುಡುಗನಾದರೆ ನೀಲಿ. ಒಳಗಿನ ಅಂಗಿ ಹರಿದಿದ್ದರೆ ಅದು ಮುಚ್ಚುತ್ತದೆ. ಆದರೆ ಬೆಳೆಯುವ ಮೈಗೆ ಅದೂ ವರ್ಷದೊಳಗೆ ಗಿಡ್ಡವಾಗುತ್ತದೆ. ನಾಲ್ಕು ಮಕ್ಕಳ ತಂದೆ ಪ್ರತಿ ಸೆಪ್ಟೆಂಬರಿನಲ್ಲಿ ನಾಲ್ಕು ಹೊಸ ಮೇಲಂಗಿ ತರುವುದು ಎಲ್ಲಿಂದ?

ಮನ್ನೂಬಿಯಾ ಇದಕ್ಕೊಂದು ಉಪಾಯ ಮಾಡಿದ್ದಳು. ಮಗು ಮೊದಲ ತರಗತಿಗೆ ಸೇರುವಾಗಲೇ ಉದ್ದವಾದ ಮೇಲಂಗಿ ಹೊಲಿದು, ಹೆಚ್ಚಿದ ಬಟ್ಟೆಯನ್ನು ಅಂಚಿನ ಮೇಲೆ ಮೂರು ಮಡಿಕೆಗಳಾಗಿ ಒಳಗೆ ಮಡಿಚುತ್ತಿದ್ದಳು. ತೋಳಿಗೂ ಹಾಗೆಯೇ. ವರ್ಷಕ್ಕೊಂದು ಮಡಿಕೆ ಬಿಚ್ಚಿದರೆ ಒಂದೇ ಅಂಗಿ ನಾಲ್ಕು ವರ್ಷ ಬರುತ್ತಿತ್ತು. ಬಿಚ್ಚಿದ ಕಡೆ, ಬಿಳಿಚಿದ ಬಟ್ಟೆಯ ನಡುವೆ ಹೊಸ ಬಣ್ಣದ ಪಟ್ಟೆ ಕಾಣುತ್ತಿತ್ತು. ಮಕ್ಕಳಿಗೆ ಅದು ನಾಚಿಕೆಯಲ್ಲ, ಜಂಬ. "ಲೋ, ನಿಂಗೆ ಒಂದೇ ಪಟ್ಟೆ. ನಂಗೆ ಮೂರು! ಸರಿ ಆಚೆಗೆ!" ಎಂದು ದೊಡ್ಡವರು ನೀರಿನ ನಲ್ಲಿಯ ಹತ್ತಿರ ಚಿಕ್ಕವರನ್ನು ಗದರುವುದನ್ನು ನಾನೇ ಎಷ್ಟೋ ಸಲ ಕೇಳಿದ್ದೇನೆ.

ಹೊಲಿಗೆಗೆ ಒಂದು ಸಲ ದುಡ್ಡು ಕೊಟ್ಟರೆ ಮುಗಿಯಿತು. ಮಡಿಕೆ ಬಿಚ್ಚುವುದಕ್ಕೆ ಆಕೆ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಮಗುವನ್ನು ಮಾತ್ರ ಕರೆದುಕೊಂಡು ಬರಬೇಕು. ಬಾಗಿಲ ಹತ್ತಿರದ ಗೋಡೆಗೆ ಸಾಲಾಗಿ ಮೊಳೆಗಳು. ಒಂದೊಂದು ಮೊಳೆಗೆ ಒಂದೊಂದು ಉಣ್ಣೆಯ ದಾರ. ಆಕೆಗೆ ಓದು ಬರುತ್ತಿರಲಿಲ್ಲ. ಒಂದು ಮಗುವಿಗೆ ಒಂದು ದಾರ. ಹೆಗಲಿನಿಂದ ಮೊಣಕಾಲಿಗೆ ಹಿಡಿದು, ಮೊಣಕಾಲು ಬಂದ ಕಡೆ ಒಂದು ಗಂಟು. ಮರುವರ್ಷ ಅದರ ಕೆಳಗೆ ಇನ್ನೊಂದು. "ನೋಡಿದ್ಯೇನೇ? ಹೋದ ವರ್ಷದಿಂದ ಈ ವರ್ಷಕ್ಕೆ ನಾಲ್ಕು ಬೆರಳು! ನಿಮ್ಮಮ್ಮ ನಿಂಗೆ ರೊಟ್ಟಿ ಹಾಕ್ತಾಳೋ ಗೊಬ್ಬರ ಹಾಕ್ತಾಳೋ?" ಎಂದು ನಗಿಸಿ, ಜೇಬು ಗಟ್ಟಿಯಾಗಿದೆಯೇ ಪರೀಕ್ಷಿಸುವವಳಂತೆ ಅದರಲ್ಲಿ ಒಂದು ಹಿಡಿ ಹುರಿಗಡಲೆ, ಒಣದ್ರಾಕ್ಷಿ ಸುರಿಯುತ್ತಿದ್ದಳು.

ಆಕೆಯ ಗಂಡ ಕೆಲಸಕ್ಕೆಂದು ಲಿಬಿಯಾಕ್ಕೆ ಹೋದವನು ಅಲ್ಲೇ ಬೇರೆ ಸಂಸಾರ ಹೂಡಿದ. ಮಕ್ಕಳಿರಲಿಲ್ಲ. ಮದುವೆಗೆ ಮುಂಚೆ ಗೋದಿಯ ಉಗ್ರಾಣದಲ್ಲಿ ಮೂಟೆಗಳ ಬಾಯಿ ಹೊಲಿಯುತ್ತಿದ್ದಳು; ಆ ಕೈಯನ್ನೇ ಮತ್ತೆ ನೆಚ್ಚಿಕೊಂಡಳು. ಊರಿಗೆಲ್ಲ ಆಕೆ ಖಾಲ್ತಿ, ಎಂದರೆ ಚಿಕ್ಕಮ್ಮ. ಆದರೂ ಸೆಪ್ಟೆಂಬರಿನ ಎರಡು ವಾರ ಬಿಟ್ಟರೆ ಆ ಮೆಟ್ಟಿಲು ಹತ್ತಿ ಬರುವವರು ಯಾರೂ ಇರಲಿಲ್ಲ. ಇದು ನನಗೆ ಆಗ ಹೊಳೆದಿರಲಿಲ್ಲ.

ಒಂದು ವರ್ಷ, ಶಾಲೆ ತೆರೆಯುವುದಕ್ಕೆ ಒಂದು ವಾರ ಮುಂಚೆ, ಹೆಸರು ಬರೆಸಲು ತಾಯಂದಿರು ಅಂಗಳದಲ್ಲಿ ನೆರೆದಿದ್ದರು. ಊರವರೆಲ್ಲರ ರೊಟ್ಟಿ ಬೇಯಿಸಿಕೊಡುವ ಒಲೆಯವನ ಹೆಂಡತಿ ಅಲ್ಜಿಯಾ ತುಂಬು ಬಸುರಿ. ಮಗಳು ರಿಬ್ಹಾಳ ಕೈ ಹಿಡಿದು ನಿಂತಿದ್ದಳು. ಊರಿನವರಿಗೆಲ್ಲ ನಾನು ಸೀದಿ, ಎಂದರೆ ಸ್ವಾಮಿ.

"ಸೀದಿ, ಇವಳ ಮಡಿಕೆ ಬಿಚ್ಚಿಸ್ಬೇಕು. ಆ ಮೆಟ್ಟಿಲು ಹತ್ತಿದ್ರೆ ಒಳಗಿರೋದು ಅರ್ಧ ದಾರೀಲೇ ಹುಟ್ಟುತ್ತೆ."

"ಹುಟ್ಲಿ ಬಿಡೆ, ಅದಕ್ಕೂ ಅಲ್ಲೇ ಒಂದು ಅಳತೆ ತಗೊಂಡು ಬಾ!" ಎಂದಳು ಪಕ್ಕದವಳು. ಎಲ್ಲರೂ ನಕ್ಕರು.

ನಾನೂ ನಕ್ಕೆ. ನನಗೆ ಕರುಣೆಯೂ ಬಂತು, ಸ್ವಲ್ಪ ಜಾಣತನ ತೋರಿಸುವ ಆಸೆಯೂ ಬಂತು. ನನ್ನ ಕಣ್ಣು ರಿಬ್ಹಾಳ ಅಂಚಿನ ಮೇಲೆ ಬಿತ್ತು. ಅದು ಮೂಟೆಯ ಬಾಯಿಗೆ ಹಾಕುವ ಸರಪಳಿ ಹೊಲಿಗೆ. ಒಂದು ತುದಿ ಎಳೆದರೆ ಬಿಗಿಯುತ್ತದೆ. ಇನ್ನೊಂದು ತುದಿ ಎಳೆದರೆ ಇಡೀ ಹೊಲಿಗೆ ಕಳಚಿಕೊಳ್ಳುತ್ತದೆ. ನಾನು ಗೋದಿ ಬೆಳೆಯುವವರ ಮನೆಯವನು. ಆ ತುದಿ ನನಗೆ ಗೊತ್ತು. ಬಗ್ಗಿ ಎಳೆದೆ. ಸರ್ರನೆ ಮಡಿಕೆ ಬಿಚ್ಚಿಕೊಂಡಿತು. ಉಳಿದ ಎರಡು ಹಾಗೇ ಇದ್ದವು.

"ಅಯ್ಯೋ, ಇಷ್ಟೇನಾ!" ಅಲ್ಜಿಯಾ ಬಾಯಿ ಬಿಟ್ಟಳು. "ಸುಮ್ಮನೆ ಮೊಣಕಾಲು ಸವೆಸಿದೆವಲ್ಲ ಸೀದಿ!"

"ಮೇಷ್ಟ್ರಾಗೋ ಬದ್ಲು ದರ್ಜಿ ಆಗಿದ್ರೆ ನಾಲ್ಕು ಕಾಸು ನೋಡ್ತಿದ್ರಿ," ಎಂದಳು ಇನ್ನೊಬ್ಬಳು.

ಆ ಹೊತ್ತಿನಲ್ಲೇ ಹನ್ನೆರಡು ಮಂದಿಗೆ ತುದಿ ತೋರಿಸಿಕೊಟ್ಟೆ. ಸಂಜೆಯೊಳಗೆ ರೊಟ್ಟಿ ಒಲೆಯ ಮುಂದೆ ಊರಿಗೆಲ್ಲ ಗೊತ್ತಾಯಿತು. ಒಂದು ಉಪಕಾರ ಮಾಡಿದೆನೆಂದು ಆ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದೆ.

ಶಾಲೆ ತೆರೆದು ಹತ್ತು ದಿನವಾದ ಮೇಲೆ ಕೋಟೆಯ ಕಡೆ ಹೋದವನು ಆಕೆಯ ಬಾಗಿಲು ಹಾರುಹೊಡೆದಿರುವುದನ್ನು ಕಂಡು ಇಣುಕಿದೆ. ಹೊಸ ಚಾಪೆ ಹಾಸಿತ್ತು. ದೊಡ್ಡ ತಟ್ಟೆಯಲ್ಲಿ ಹುರಿಗಡಲೆ ತುಂಬಿತ್ತು. ಅದರ ಮೇಲೆ ಮುಚ್ಚಿದ್ದ ಬಟ್ಟೆಗೆ ಮಡಿಕೆಯ ಗೆರೆಯೂ ಕೆಟ್ಟಿರಲಿಲ್ಲ. ಕತ್ತರಿ ಪಕ್ಕದಲ್ಲಿತ್ತು. ಆಕೆ ಬಾಗಿಲಿಗೆ ಮುಖಮಾಡಿ ಕುಳಿತಿದ್ದಳು.

"ಬನ್ನಿ ಸೀದಿ. ನೀವಾದ್ರೂ ಹೇಳಿ. ಈ ವರ್ಷ ಊರಿನ ಮಕ್ಕಳು ಬೆಳೆಯೋದನ್ನೇ ಬಿಟ್ಟುಬಿಟ್ವಾ?"

ನಗುತ್ತಲೇ ಕೇಳಿದಳು. ನನಗೆ ನಗಲಾಗಲಿಲ್ಲ. ನಡೆದದ್ದನ್ನು ಹೇಳಿದೆ.

ಆಕೆ ಕತ್ತರಿಯನ್ನು ತೆರೆದಳು, ಮುಚ್ಚಿದಳು. "ಒಳ್ಳೇದೇ ಮಾಡಿದ್ರಿ," ಎಂದಳು. "ಮಕ್ಕಳ ಕಾಲು ಉಳೀತು. ತಾಯಂದಿರ ಹೊತ್ತು ಉಳೀತು." ಆಮೇಲೆ ಗೋಡೆಯಿಂದ ಒಂದು ಹಸಿರು ದಾರ ತೆಗೆದಳು. "ಅಲ್ಜಿಯಾ ಮಗಳು ಈಗ ಎಲ್ಲಿಗೆ ಬರ್ತಾಳೆ?"

ನಾನು ನೆಟ್ಟಗೆ ನಿಂತು, ನನ್ನ ಎದೆಯ ಹತ್ತಿರ ಕೈ ಇಟ್ಟು ತೋರಿಸಿದೆ. ಆಕೆ ನನ್ನ ಕೈಯ ಕೆಳಗಿನ ಬರಿಯ ಗಾಳಿಗೆ ದಾರ ಹಿಡಿದು ನೋಡಿದಳು. ಒಂದು ಗಂಟು ಹಾಕಿದಳು. ಉಗುರಿನಿಂದ ಅದನ್ನು ಬಿಚ್ಚಿದಳು.

"ಬೇಡ. ಕಣ್ಣಂದಾಜಿನ ಗಂಟು ಸುಳ್ಳು ಗಂಟು."

ಮರುದಿನ ತರಗತಿಯಲ್ಲಿ, "ಖಾಲ್ತಿ ನಿಮ್ಮನ್ನು ಕೇಳುತ್ತಿದ್ದಾರೆ, ಹೋಗಿ ಬನ್ನಿ" ಎಂದೆ. ರಿಬ್ಹಾ ಮತ್ತು ಇನ್ನೊಂದು ಹುಡುಗಿ ಹೋದರು. ಆಮೇಲೆ ತಿಳಿದದ್ದು: ಬಾಗಿಲಲ್ಲೇ ನಿಂತು, ಕಾಲು ಬದಲಿಸುತ್ತ, "ಮೇಷ್ಟ್ರು ಹೋಗು ಅಂದ್ರು" ಎಂದರಂತೆ. ಕಡಲೆ ಇಸಿದುಕೊಂಡು ಓಡಿದರಂತೆ. ಮುಂದಿನ ಶುಕ್ರವಾರ ನಾನು ಹೋದಾಗ ಹಸಿರು ದಾರದಲ್ಲಿ ಹೊಸ ಗಂಟು ಇರಲಿಲ್ಲ.

"ಯಾಕೆ ಖಾಲ್ತಿ, ಅಳತೆ ತಗೊಳ್ಲಿಲ್ವಾ?"

"ಬಂದ ಮಕ್ಕಳು ಬೇರೆ ಸೀದಿ, ಕಳಿಸಿದ ಮಕ್ಕಳು ಬೇರೆ. ಇನ್ನು ಯಾರನ್ನೂ ಕಳಿಸ್ಬೇಡಿ."

ಮುಂದಿನ ವರ್ಷವೂ ಮಡಿಕೆ ಬಿಚ್ಚಿಸಲು ಯಾರೂ ಬರಲಿಲ್ಲ. ಸಂತೆಯಲ್ಲಿ ಅಗ್ಗದ ಸಿದ್ಧ ಮೇಲಂಗಿಗಳೂ ಬಂದಿದ್ದವು. ಹೊಲಿಗೆ ಕಡಿಮೆಯಾದದ್ದರ ಬಗ್ಗೆ ಆಕೆ ಒಂದು ಮಾತೂ ಆಡಲಿಲ್ಲ. ಹುರಿಗಡಲೆ ಮಾತ್ರ ಹುರಿದಿದ್ದಳು.

ಆ ವರ್ಷ ನಾನು ಸೀಮೆಸುಣ್ಣದ ಪುಡಿ ಮೆತ್ತಿಕೊಳ್ಳದಂತೆ ಪಾಠದ ಹೊತ್ತಿನಲ್ಲಿ ತೊಡುವ ನನ್ನ ಬಿಳಿ ಕೋಟನ್ನು ತೊಟ್ಟುಕೊಂಡೇ ಎಂಬತ್ತಮೂರು ಮೆಟ್ಟಿಲು ಹತ್ತಿದೆ. ಬಾಗಿಲಲ್ಲಿ ನಿಂತೆ.

"ಏನು ಸೀದಿ?"

"ಅಳತೆ ನೋಡಿ ಖಾಲ್ತಿ."

ಆಕೆ ನನ್ನ ಸುತ್ತ ಒಂದು ಸುತ್ತು ಬಂದಳು. "ನೀವು ಬೆಳೆಯೋದು ನಿಂತು ಮೂವತ್ತು ವರ್ಷ ಆಗಿರ್ಬೇಕು. ತಲೆ ಮೇಲಿಂದ ಕೂದಲು ಉದುರೋದಂತೂ ಶುರುವಾಗಿದೆ. ನಿಮ್ಮನ್ನ ಯಾರು ಕಳಿಸಿದ್ರು?"

"ನನ್ನನ್ನು ಕಳಿಸೋರು ಯಾರಿದ್ದಾರೆ? ಮನೇಲಿ ನಾನೊಬ್ಬನೇ."

ಆಕೆ ಬುಟ್ಟಿಯಿಂದ ಒಂದು ನೀಲಿ ಉಣ್ಣೆಯ ದಾರ ಆರಿಸಿದಳು. ಹೆಗಲಿಗೆ ಹಿಡಿದಳು, ಮೊಣಕಾಲಿಗೆ ಎಳೆದಳು, ಗಂಟು ಹಾಕಿದಳು. ಕೋಟಿನ ಜೇಬಿಗೆ ಕಡಲೆ ಸುರಿದಳು. "ಜೇಬು ಗಟ್ಟಿಯಾಗಿದೆ," ಎಂದಳು.

ಆಮೇಲೆ ಪ್ರತಿ ಸೆಪ್ಟೆಂಬರಿನಲ್ಲೂ ಹೋದೆ. ಬೆಳೆಯದವನ ದಾರದಲ್ಲಿ ಗಂಟು ಕೆಳಗಿಳಿಯುವುದಿಲ್ಲ. ಆಕೆ ಹಳೆಯ ಗಂಟಿನ ಮೇಲೆಯೇ ಹೊಸದನ್ನು ಹಾಕುತ್ತಿದ್ದಳು. ನಿವೃತ್ತನಾದ ವರ್ಷವೂ ಕೋಟು ತೊಟ್ಟುಕೊಂಡು ಹೋಗಿದ್ದೆ. "ಶಾಲೆ ಬಿಟ್ಟ ಮೇಲೆ ಇದೆಲ್ಲ ಯಾಕೆ?" ಎಂದು ಬೈದಳು; ಬೈಯುತ್ತಲೇ ದಾರಕ್ಕೆ ಕೈ ಹಾಕಿದಳು.

ಆ ಚಳಿಗಾಲದಲ್ಲಿ ಆಕೆ ತೀರಿಕೊಂಡಳು. ಮನೆ ಖಾಲಿ ಮಾಡಲು ಟ್ಯೂನಿಸ್ಸಿನಿಂದ ಬಂದ ತಮ್ಮನ ಮಗ ದಾರಗಳನ್ನೆಲ್ಲ ಮೊಳೆಯಿಂದ ಕಿತ್ತು ಬಾಗಿಲ ಹೊರಗೆ ರಾಶಿ ಹಾಕಿದ್ದ.

"ಇವು ಯಾರದು, ಏನು ಅಂತ ನಿಮಗೇನಾದ್ರೂ ಗೊತ್ತಾ, ಸೀದಿ?"

ಹಸಿರು ದಾರಗಳೇ ಆರೇಳು ಇದ್ದವು. ಅವುಗಳಲ್ಲಿ ರಿಬ್ಹಾಳದು ಯಾವುದು ಎಂದು ನಾನು ಹೇಳಲಾರದೆ ಹೋದೆ. ಅದನ್ನು ಹೇಳಬಲ್ಲವಳು ಆಕೆಯೊಬ್ಬಳೇ. ನನ್ನದನ್ನು ಮಾತ್ರ ಹುಡುಕಿ ತೆಗೆದುಕೊಂಡೆ. ಅದಕ್ಕೆ ಗುರುತು ಬೇಕಿರಲಿಲ್ಲ. ಹನ್ನೊಂದು ಗಂಟು ಒಂದೇ ಕಡೆ ಸೇರಿ, ಬೆರಳಿಗೆ ಹುರಿಗಡಲೆಯಷ್ಟು ಗಟ್ಟಿಯಾಗಿ ಸಿಗುತ್ತಿತ್ತು.