ಹಗರಣದ ಕುರ್ಚಿ

ನಾನು ಸೇಡು ಮರೆಯುವ ಹೆಂಗಸಲ್ಲ. ಇದನ್ನು ಮೊದಲೇ ಹೇಳಿಬಿಟ್ಟರೆ ಓದುವವರು ನನ್ನಿಂದ ದೊಡ್ಡ ಮನಸ್ಸನ್ನೇನೂ ನಿರೀಕ್ಷಿಸುವುದಿಲ್ಲ. ಶಾಲೆಯಲ್ಲಿ ನನ್ನ ಜಡೆ ಎಳೆಯುತ್ತಿದ್ದವನ ಮದುವೆಗೆ ಹೋಗಿ, ಹೊಟ್ಟೆ ತುಂಬ ಉಂಡು, ಪಾಯಸಕ್ಕೆ ಬೆಲ್ಲ ಸಾಲದು ಎಂದು ಅವನ ಅತ್ತೆಯ ಕಿವಿಗೆ ಬೀಳುವ ಹಾಗೆ ಹೇಳಿ ಬಂದವಳು ನಾನು. ಅವ್ವಿ ಬೈದಳು. ನನಗೆ ಆ ಪಾಯಸದ ರುಚಿ ಇನ್ನೂ ನೆನಪಿದೆ, ಬೆಲ್ಲ ಸರಿಯಾಗಿಯೇ ಇತ್ತು.

ನಮ್ಮ ಮನೆ ಅವರ್ಸಾದಿಂದ ಒಳಗೆ, ಹಾಲಕ್ಕಿಗಳ ಕೊಪ್ಪದಲ್ಲಿ. ನಮ್ಮವರ ಮನೆಗಳು ಒಂದಕ್ಕೊಂದು ಒತ್ತಿಕೊಂಡಿರುವ ಕೇರಿಗೆ ಕೊಪ್ಪ ಎನ್ನುತ್ತೇವೆ. ಗದ್ದೆ ಕೆಲಸ, ಕೂಲಿ ಕೆಲಸ, ತಲೆಯ ಮೇಲೆ ಬುಟ್ಟಿ ಹೊತ್ತು ಅಂಕೋಲೆಯ ಪೇಟೆಯಲ್ಲಿ ತರಕಾರಿ ಮಾರುವುದು, ಇದರಲ್ಲೇ ಎಲ್ಲರ ಬದುಕು. ಅಲ್ಲಿಂದ ಪಿಎಚ್‌.ಡಿ. ಮಾಡಿದವಳು ನಾನೊಬ್ಬಳೇ. ಶಿಕ್ಷಣಶಾಸ್ತ್ರದಲ್ಲಿ ಮಾಡಿದೆ. ಮನೆಯಲ್ಲಿ ಬೆಳಗಿನಿಂದ ಬಾಯಿ ಮುಚ್ಚದ ನಮ್ಮ ಮಕ್ಕಳು ಒಂದನೇ ಇಯತ್ತೆಯ ಬೆಂಚಿನ ಮೇಲೆ ಕೂತ ಕೂಡಲೇ ಯಾಕೆ ಮೂಕರಾಗುತ್ತಾರೆ ಎನ್ನುವುದು ನನ್ನ ಪ್ರಬಂಧದ ವಿಷಯ. ನಾನೂ ಹಾಗೆ ಮೂಕಿಯಾಗಿ ಕೂತವಳು. ಮಾಸ್ತರರು ನನ್ನನ್ನು ದಡ್ಡಿ ಎಂದು ಹಿಂದಿನ ಬೆಂಚಿಗೆ ಕಳಿಸಿದ್ದರು. ಆ ಸೇಡಿಗೇ ಅಷ್ಟು ಓದಿದೆ ಎಂದರೂ ತಪ್ಪಿಲ್ಲ.

ಓದು ಮುಗಿದ ಮೇಲೆ ಕಾರವಾರದ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾದೆ. ಹೆಸರಿಗೆ ಅತಿಥಿ. ಬೇಸಿಗೆ ರಜೆ ಬಂತೆಂದರೆ ಅತಿಥಿಗೆ ಎದ್ದು ಹೋಗು ಎನ್ನುತ್ತಾರೆ. ಹಾಗಿರುವಾಗ ಒಂದು ವಿಶ್ವವಿದ್ಯಾಲಯದ ಶಿಕ್ಷಣ ವಿಭಾಗದವರ ಜಾಹೀರಾತು ಬಂತು. ಕರಾವಳಿಯ ಮೂಲನಿವಾಸಿ ಮಕ್ಕಳ ಓದಿನ ಬಗ್ಗೆ ಸಂಶೋಧನೆ, ಅದಕ್ಕೆ ಸಂಶೋಧಕರು ಬೇಕು, ಆಯಾ ಸಮುದಾಯದ ವಿದ್ವಾಂಸರಿಗೇ ಆದ್ಯತೆ. ಅಂಕೋಲೆಯಿಂದ ಕಾರವಾರಕ್ಕೆ ಹೋಗುವ ಬಸ್ಸಿನಲ್ಲಿ ಕಂಬ ಹಿಡಿದು ನಿಂತೇ ಮೊಬೈಲಿನಲ್ಲಿ ಅದನ್ನು ಓದಿದೆ. ಈ ಕೆಲಸ ನನ್ನದೇ ಅನ್ನಿಸಿತು. ಬಿಣಗಾ ಘಟ್ಟ ಇಳಿಯುವಷ್ಟರಲ್ಲಿ ಮನಸ್ಸಿನಲ್ಲಿ ಅಲ್ಲಿ ನನಗೆ ಸಿಗುವ ಕೋಣೆಗೆ ಪರದೆಯ ಬಣ್ಣವನ್ನೂ ಆರಿಸಿಯಾಗಿತ್ತು.

ಸಂದರ್ಶನ ಕಾರವಾರದಲ್ಲೇ, ಕಿಟಕಿಯಿಂದ ಸಮುದ್ರ ಕಾಣುವ ಒಂದು ಸಭಾಂಗಣದಲ್ಲಿ ನಡೆಯಿತು. ಮೇಜಿನ ಆಚೆ ಮೂವರಿದ್ದರು. ನಡುವೆ ಕೂತವರು ಯೋಜನೆಯ ಮುಖ್ಯಸ್ಥರಾದ ಪ್ರೊಫೆಸರ್. ಮಾತಿಗೊಮ್ಮೆ ಕನ್ನಡಕ ತೆಗೆದು ಶರ್ಟಿನ ತುದಿಯಿಂದ ಒರೆಸಿ, “ವೆರಿ ಗುಡ್, ವೆರಿ ಗುಡ್” ಎನ್ನುತ್ತಿದ್ದರು. ಎಡಕ್ಕಿದ್ದವರ ಮುಂದೆ ಗೋಡಂಬಿಯ ತಟ್ಟೆ ಇತ್ತು, ಅವರ ಕೈ ಅದರಿಂದ ಮೇಲೆ ಬರಲೇ ಇಲ್ಲ. ಬಲಕ್ಕಿದ್ದವರು ಮೊಬೈಲಿನಲ್ಲಿ ಮುಳುಗಿದ್ದರು.

ನಾನು ಪ್ರಬಂಧದ ಪ್ರತಿಯನ್ನು ಮೇಜಿನ ಮೇಲಿಟ್ಟೆ. ಯಾರೂ ಅದನ್ನು ತೆರೆಯಲಿಲ್ಲ. ನಿಮ್ಮವರು ಕೊರಳ ತುಂಬ ಕರಿಮಣಿ ಸರ ಹಾಕುತ್ತಾರಲ್ಲ, ನೀವು ಯಾಕೆ ಹಾಕಿಲ್ಲ ಎಂದು ಕೇಳಿದರು. ಮನೆಯಲ್ಲಿ ಯಾವ ಭಾಷೆ ಎಂದರು. ಆಮೇಲೆ ಪ್ರೊಫೆಸರ್ ಕನ್ನಡಕ ಒರೆಸಿ, “ಒಂದು ಹಾಡು ಹೇಳಿ,” ಎಂದರು.

ನಾನು ಹೇಳಿದೆ. ಬರೆಯುವಾಗ ಈಗಲೂ ಕಿವಿ ಬಿಸಿಯಾಗುತ್ತದೆ. ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಗದ್ದೆಯಲ್ಲಿ ಸಸಿ ನೆಟ್ಟಿ ಮಾಡುವಾಗ ಅವ್ವಿ ಹೇಳುವ ಹಾಡನ್ನು ಒಂದು ಸಾಲೂ ಬಿಡದೆ ಪೂರ್ತಿ ಹೇಳಿದೆ. ಪ್ರೊಫೆಸರ್ ಮೊಬೈಲಿನಲ್ಲಿ ಹಿಡಿದುಕೊಂಡರು. “ವೆರಿ ಗುಡ್,” ಎಂದರು. ಅಲ್ಲಿಗೆ ಸಂದರ್ಶನ ಮುಗಿಯಿತು. ಅವರು ಏನು ಕೇಳಿದರು ಎಂದು ಮನೆಯಲ್ಲಿ ಅವ್ವಿ ವಿಚಾರಿಸಿದಾಗ, ಓದಿದ್ದನ್ನೇ ಕೇಳಿದರು ಎಂದೆ.

ಕೆಲವು ದಿನಗಳ ನಂತರ ಪ್ರೊಫೆಸರರೇ ಫೋನ್ ಮಾಡಿದರು.

“ನೀವು ಬಹಳ ಓದಿಬಿಟ್ಟಿದ್ದೀರಿ, ಅದೇ ತೊಂದರೆ. ನಮಗೆ ಸಮುದಾಯದ ಒಳಗಿನ ದನಿ ಬೇಕಾಗಿತ್ತು. ನಿಮ್ಮಲ್ಲಿ ಆ ಮೂಲತನ ಉಳಿದಿಲ್ಲ ಅಂತ ಸಮಿತಿಗೆ ಅನ್ನಿಸಿತು.”

“ಹಾಗಾದರೆ ಯಾರನ್ನು ತೆಗೆದುಕೊಂಡಿರಿ ಸರ್?”

“ಹೊರಗಿನ ಹುಡುಗ. ಸಂಶೋಧನಾ ಕ್ರಮ ಚೆನ್ನಾಗಿ ಗೊತ್ತು ಅವನಿಗೆ.”

“ಅವರು ಒಳಗಿನವರಾ?”

“ಅದಕ್ಕೇ ನಿಮಗೆ ಫೋನ್ ಮಾಡಿದ್ದು. ಅವನ ಜೊತೆ ನಿಮ್ಮ ಕಡೆಯ ಮನೆಗಳಿಗೆ ಹೋಗಿ ಪರಿಚಯ ಮಾಡಿಸಿ. ದಿನಗೂಲಿ ಕೊಡಿಸ್ತೇನೆ.”

ಅತ್ತ ದರಿ, ಇತ್ತ ಪುಲಿ ಎಂದರೆ ಇದೇ. ಓದದಿದ್ದರೆ ಅರ್ಜಿ ಹಾಕುವ ಹಾಗಿಲ್ಲ, ಓದಿದರೆ ನಾವು ನಾವಲ್ಲ. ಮೈಯೆಲ್ಲ ಉರಿಯಿತು. ಫೋನಿನಲ್ಲಿ ಮಾತ್ರ “ಆಗಲಿ ಸರ್, ಯೋಚಿಸಿ ಹೇಳ್ತೇನೆ” ಎಂದು ಬೆಣ್ಣೆಯಂಥ ದನಿಯಲ್ಲಿ ಹೇಳಿದೆ. ಆಗಲೇ ನನ್ನ ತಲೆಯಲ್ಲಿ ಸುಗ್ಗಿ ಎಷ್ಟು ದೂರವಿದೆ ಎಂಬ ಲೆಕ್ಕ ಶುರುವಾಗಿತ್ತು.

ಹೋಳಿಯ ಹೊತ್ತಿಗೆ ನಮ್ಮಲ್ಲಿ ಸುಗ್ಗಿ. ಗಂಡಸರು ತಲೆಗೆ ತುರಾಯಿ ಕಟ್ಟಿಕೊಂಡು ಗುಮಟೆಯ ಬಡಿತಕ್ಕೆ ಮನೆ ಮನೆಗೆ ಕುಣಿಯುತ್ತಾರೆ. ಅದರ ಜೊತೆ ಹಗರಣವೂ ಇರುತ್ತದೆ. ಪೇಪರಿನಲ್ಲಿ ಬರುವ ಹಗರಣವಲ್ಲ. ವರ್ಷವಿಡೀ ಊರಿಗೆ ಉಪದ್ರ ಕೊಟ್ಟವರ ವೇಷ ಹಾಕಿ, ಅವರ ನಡಿಗೆ ನಡೆದು, ಅವರ ಮಾತು ಆಡಿ ತೋರಿಸುವ ಅಣಕದ ಆಟ. ಸಾಹೇಬರಿರಲಿ, ಸಾಹುಕಾರನಿರಲಿ, ತಮ್ಮನ್ನು ಆಡಿಕೊಂಡರೆಂದು ಸಿಟ್ಟು ಮಾಡುವ ಹಾಗಿಲ್ಲ. ನಮ್ಮ ಕೊಪ್ಪದ ಹಗರಣಕ್ಕೆ ನನ್ನ ಸೋದರಮಾವನೇ ಮುಖ್ಯ. ಅವನು ಒಬ್ಬರನ್ನು ಒಂದು ಸಲ ನೋಡಿದರೆ ಸಾಕು, ಅವರು ಸೀನುವ ರೀತಿಯೂ ಅವನಿಗೆ ಬರುತ್ತದೆ.

ಮಾವನ ಅಂಗಳಕ್ಕೆ ಹೋಗಿ ಎಲ್ಲವನ್ನೂ ಒಪ್ಪಿಸಿದೆ. ಕನ್ನಡಕ, ಗೋಡಂಬಿ, ಮೊಬೈಲು, ದಿನಗೂಲಿ. ಮಾವ ಕಣ್ಣು ಮುಚ್ಚಿ ಕೇಳಿದ.

“ಅವ್ರದ್ದೆಲ್ಲಾ ಆಯ್ತು ತಂಗಿ. ನೀ ಎಂತ ಮಾಡ್ದೆ?”

“ಹಾಡು ಹೇಳ್ದೆ ಮಾವ. ಅದೊಂದು ಬಿಟ್ಬಿಡು.”

“ಉಪ್ಪು ಹಾಕೂದು ಬ್ಯಾಡ ಹೇಳಿ ಸಾರು ಮಾಡೂಕೆ ಆಗ್ತದ್ಯೆ?” ಎಂದ ಮಾವ. ನಾನು ಎಷ್ಟು ಬೇಡಿಕೊಂಡರೂ ಜಗ್ಗಲಿಲ್ಲ.

ಉಳಿದದ್ದು ಪ್ರೊಫೆಸರರನ್ನು ಕರೆತರುವುದು. ಅದಕ್ಕೆ ನಾನು ಕಷ್ಟಪಡಬೇಕಾಗಲೇ ಇಲ್ಲ. ಸುಗ್ಗಿಯನ್ನು ಚಿತ್ರೀಕರಿಸಬೇಕು, ಕೂರಲು ವ್ಯವಸ್ಥೆ ಮಾಡಿಕೊಡಿ ಎಂದು ಅವರೇ ಕೇಳಿದರು. ಮಾಡಿಕೊಟ್ಟೆ. ಶಾಲೆಯ ಬಯಲಿನಲ್ಲಿ ಮುಂದಿನ ಸಾಲಿನ ನಟ್ಟನಡುವೆ ಕುರ್ಚಿ ಹಾಕಿಸಿದೆ. ಎಳನೀರು ಕೆತ್ತಿಸಿ ಕೈಗೆ ಕೊಟ್ಟೆ. ಹರಕೆಯ ಕುರಿಗೆ ಮಾಲೆ ಹಾಕುವವರಿಗೂ ಅಷ್ಟು ಅಕ್ಕರೆ ಇರಲಿಕ್ಕಿಲ್ಲ.

ಬಿಸಿಲು ಇಳಿದ ಮೇಲೆ ಹಗರಣ ಶುರುವಾಯಿತು. ಮೀನಿನ ಬುಟ್ಟಿಗಳನ್ನು ಕವುಚಿ ಮೇಜು ಮಾಡಿ, ಎದುರಿಗೊಂದು ಕುರ್ಚಿ ಇಟ್ಟಿದ್ದರು. ಬೈತಖೋಲದಲ್ಲಿ ದೋಣಿಯಿಂದ ಮೀನು ಇಳಿಸುವ ಕೆಲಸಕ್ಕೆ ಹೋಗುವ ನಮ್ಮ ಕೊಪ್ಪದವನೊಬ್ಬ ತೆಂಗಿನ ಕರಟ ಕೊರೆದು ಮಾಡಿದ ಕನ್ನಡಕ ಹಾಕಿಕೊಂಡು ನಡುವೆ ಕೂತ. ಒಬ್ಬ ಬುಟ್ಟಿಯ ಸಂದಿಯಿಂದ ಶೇಂಗಾ ಹೆಕ್ಕಿ ತಿನ್ನುತ್ತಿದ್ದ. ಇನ್ನೊಬ್ಬ ಸಾಬೂನಿನ ಪೆಟ್ಟಿಗೆಯನ್ನು ಬೆರಳಿನಿಂದ ತಿಕ್ಕುತ್ತಿದ್ದ. ಜನ ನಕ್ಕರು. ಪ್ರೊಫೆಸರರೂ ನಕ್ಕರು. ಮೊಬೈಲು ಎತ್ತಿ ಹಿಡಿದು “ವೆರಿ ಗುಡ್, ವೆರಿ ಗುಡ್” ಎಂದರು.  ಇವರಿಗೆ ಇದೂ ಸಂಶೋಧನೆಯ ಸಾಮಗ್ರಿಯೇ ಆಗಿಬಿಟ್ಟರೆ ನಾನು ಯಾರ ಮೇಲೆ ಸೇಡು ತೀರಿಸಿದ ಹಾಗಾಯಿತು?

ಅಷ್ಟರಲ್ಲಿ ನಾನೇ ಬಂದೆ. ಅಂದರೆ ಮಾವ ಬಂದ, ಅತ್ತೆಯ ಸೀರೆ ಉಟ್ಟು, ಹೆಗಲಿಗೆ ರೇಷನ್ ಚೀಲ ಸಿಕ್ಕಿಸಿಕೊಂಡು. ಮೂರೂ ಜನರಿಗೆ ಕೈಮುಗಿದ, ಬುಟ್ಟಿಗೂ ಕೈಮುಗಿದ. ಕುರ್ಚಿಯ ತುದಿಯಲ್ಲಿ ಕೂತು ಜಾರಿ ಬಿದ್ದ. ಹಾಡು ಎಂದ ಕೂಡಲೇ ಚೀಲವನ್ನು ತೊಡೆಯ ಮೇಲೆ ಮಗುವಿನ ಹಾಗೆ ಮಲಗಿಸಿಕೊಂಡು, ಅವ್ವಿಯ ಹಾಡನ್ನು ಶಾಲೆಯ ಪ್ರಾರ್ಥನೆಯ ಧಾಟಿಯಲ್ಲಿ ಹೇಳಿದ. ಆವತ್ತಿನ ಅತಿ ದೊಡ್ಡ ನಗು ಅದಕ್ಕೇ ಬಿತ್ತು. ಹೆಂಗಸರ ನಡುವೆ ಕೂತಿದ್ದ ಅವ್ವಿ ಮಾತ್ರ ನಗಲಿಲ್ಲ. ನನ್ನನ್ನೇ ನೋಡುತ್ತಿದ್ದಳು. ಮಾವನನ್ನು ಅಲ್ಲೇ ಹುಗಿದುಬಿಡಬೇಕು ಅನ್ನಿಸಿತು ನನಗೆ.

ಹಾಡು ಮುಗಿಯಿತು. ಮಾವ ಎದ್ದು ಚೀಲ ಕೆಳಗಿಟ್ಟ. ಬೈತಖೋಲದವನ ಮೂಗಿನಿಂದ ಕರಟದ ಕನ್ನಡಕ ಕಿತ್ತು ತಾನು ಹಾಕಿಕೊಂಡು ನಡುವಿನ ಜಾಗದಲ್ಲಿ ಕೂತ. ಮುಂದಿನ ಸಾಲಿಗೆ ಬೆರಳು ತೋರಿಸಿದ.

“ಮುಂದಿನವ್ರು ಬರೂದು.”

ಜನ ಪ್ರೊಫೆಸರರನ್ನು ನಗುನಗುತ್ತಲೇ ಎಬ್ಬಿಸಿ ಕಳಿಸಿದರು. ಅವರೂ ನಗುತ್ತಲೇ ಹೋಗಿ ಕುರ್ಚಿಯಲ್ಲಿ ಕೂತರು.

“ಹೆಸರು ಬ್ಯಾಡ, ಓದಿದ್ದು ಬ್ಯಾಡ. ಒಂದು ಹಾಡು ಹೇಳಿ.”

“ಯಾವ ಹಾಡು?”

“ನಿಮ್ಮ ಅವ್ವಿ ಹೇಳ್ತಿದ್ದದ್ದು.”

ಗುಮಟೆ ನಿಂತಿತು. ಪ್ರೊಫೆಸರರ ಬಾಯಿ ತೆರೆದುಕೊಂಡಿತು. ಆ ಕಡೆ ಈ ಕಡೆ ನೋಡಿದರು. ಅವರು ನಿಜವಾಗಿಯೂ ನೆನಪಿಸಿಕೊಳ್ಳಲು ಪ್ರಯತ್ನಿಸುತ್ತಿದ್ದರು, ಅದು ಕಾಣುತ್ತಿತ್ತು. ನನಗೆ ಪಾಪ ಅನ್ನಿಸಲಿಲ್ಲ. ಇನ್ನೂ ಸ್ವಲ್ಪ ಹೊತ್ತು ಹೀಗೇ ಕೂತಿರಲಿ ದೇವರೇ ಎಂದು ಬೇಡಿಕೊಂಡೆ.

“ನನಗೆ ಹಾಡು ಬರೋದಿಲ್ಲ,” ಎಂದರು ಕೊನೆಗೆ, ಮುಂದಿನ ಸಾಲಿಗಷ್ಟೇ ಕೇಳುವಂತೆ.

ಮಾವ ಕನ್ನಡಕ ತೆಗೆದು ಸೀರೆಯ ಸೆರಗಿನಿಂದ ಒರೆಸಿದ. ಅವರದೇ ದನಿಯಲ್ಲಿ, ಅವರದೇ ಪುಸ್ತಕದ ಕನ್ನಡದಲ್ಲಿ, “ನೀವು ಬಹಳ ಓದಿಬಿಟ್ಟಿದ್ದೀರಿ, ಅದೇ ತೊಂದರೆ,” ಎಂದ. “ನಿಮ್ಮಲ್ಲಿ ಮೂಲತನ ಉಳಿದಿಲ್ಲ ಅಂತ ಸಮಿತಿಗೆ ಅನ್ನಿಸಿತು.” ಆಮೇಲೆ ತನ್ನ ದನಿಗೆ ಮರಳಿ, “ಬ್ಯಾಸರ ಮಾಡ್ಕಣೂದು ಬ್ಯಾಡ. ನಮ್ಮ ಹುಡುಗ್ನ ಜೊತಿಗೆ ಹೋಗಿ ನಿಮ್ಮೂರ ಮನೆ ತೋರ್ಸಿ. ದಿನಗೂಲಿ ಕೊಡ್ಸುವ.”

ಬಯಲಿಗೆ ಬಯಲೇ ಬಿದ್ದು ಬಿದ್ದು ನಕ್ಕಿತು. ಪ್ರೊಫೆಸರರ ಮುಖ ಕೆಂಪಾಗಿ ಆಮೇಲೆ ಬಿಳಿಚಿತು. ಈ ಸಲ ವೆರಿ ಗುಡ್ ಎನ್ನಲಿಲ್ಲ. ಮಾಡಿದ್ದುಣ್ಣೋ ಮಹಾರಾಯ ಎಂದುಕೊಂಡೆ. ನನ್ನ ಹೊಟ್ಟೆ ತಣ್ಣಗಾಯಿತು.

ಮನೆಗೆ ಹೋಗುವಾಗ ದಾರಿಯಲ್ಲಿ ಅವ್ವಿ ಒಂದೇ ಮಾತು ಹೇಳಿದಳು. “ಅದು ಬಗ್ಗಿ ಕೆಲ್ಸ ಮಾಡೂಕರೆ ಹೇಳೂ ಹಾಡು ಮಗಾ. ಕುರ್ಚಿ ಮೇಲೆ ಕೂತ್ಕಂಡಿ ಹೇಳೂದಲ್ಲ.”  ನನ್ನ ಸೇಡಿನ ಪಟ್ಟಿಗೆ ಪ್ರೊಫೆಸರರ ಹೆಸರು ಮತ್ತೊಮ್ಮೆ ಸೇರಿತು.

ಹೊರಗಿನ ಹುಡುಗ ಕೊಪ್ಪಕ್ಕೆ ಕೆಲವು ಸಲ ಬಂದ. ಪಾಪದವನು. ಮಕ್ಕಳು ಅವನ ಮುಂದೆ ಶಾಲೆಯಲ್ಲಿ ಕೂತ ಹಾಗೆಯೇ ಬಾಯಿ ಹೊಲಿದುಕೊಂಡು ಕೂತರು. ಮರುವರ್ಷ ಅವನಿಗೆ ಬೇರೆಲ್ಲೋ ಕಾಯಂ ಕೆಲಸ ಸಿಕ್ಕಿ ಹೊರಟುಹೋದ. ಅದೇ ಹುದ್ದೆಗೆ ಮತ್ತೆ ಕರೆದರು. ನಾನು ಮತ್ತೆ ಅರ್ಜಿ ಹಾಕಿದೆ. ಮಾನ ಮರ್ಯಾದೆ ಇಲ್ಲವೇ ಎಂದು ಕಾಲೇಜಿನಲ್ಲಿ ಕೇಳಿದವರಿದ್ದರು. ಕೆಲಸ ನನ್ನದು, ಬಿಟ್ಟುಕೊಟ್ಟರೆ ಸೇಡು ಅವರದಾಗುತ್ತದೆ ಎಂದೆ.

ಅದೇ ಸಭಾಂಗಣ, ಅದೇ ಸಮುದ್ರ. ಗೋಡಂಬಿಯವರ ಜಾಗಕ್ಕೆ ಹೊಸಬರು ಬಂದಿದ್ದರು. ಅವರು ನಗುತ್ತ, “ನಿಮ್ಮ ಕಡೆಯವರು ಚೆನ್ನಾಗಿ ಹಾಡ್ತಾರಂತೆ, ಒಂದು…” ಎಂದು ಬಾಯಿ ತೆರೆದರು.

“ಹಾಡು ಬೇಡ,” ಎಂದರು ಪ್ರೊಫೆಸರ್ ಗಡಬಡಿಸಿ. ಅವರ ಮುಂದೆ ನನ್ನ ಪ್ರಬಂಧ ತೆರೆದಿತ್ತು. ಅಲ್ಲಲ್ಲಿ ಪುಟದ ಮೂಲೆ ಮಡಚಿತ್ತು. “ಮನೆಯಲ್ಲಿ ಅಷ್ಟು ಮಾತಾಡುವ ಮಕ್ಕಳು ಶಾಲೆಗೆ ಬಂದ ಕೂಡಲೇ ಯಾಕೆ ಸುಮ್ಮನಾಗ್ತಾರೆ? ನಿಮ್ಮ ಮಾತಿನಲ್ಲೇ ಹೇಳಿ.”

ಇಷ್ಟು ವರ್ಷ ಕಾದ ಪ್ರಶ್ನೆ. ಉತ್ತರ ಕಂಠಪಾಠವಾಗಿತ್ತು. ಆದರೆ ಬಾಯಿಗೆ ಬಂದದ್ದು ಬೇರೆ.

“ನಿಮಗೂ ಗೊತ್ತಲ್ಲ ಸರ್. ಅವತ್ತು ಶಾಲೆಯ ಬಯಲಿನಲ್ಲಿ ನೀವು ಯಾಕೆ ಸುಮ್ಮನಾದಿರಿ?”

ಹೊಸಬರು ಅರ್ಥವಾಗದೆ ಇಬ್ಬರನ್ನೂ ನೋಡಿದರು. ಪ್ರೊಫೆಸರ್ ಕನ್ನಡಕಕ್ಕೆ ಕೈ ಹಾಕಿ, ನನ್ನನ್ನು ನೋಡಿ, ಕೈ ಇಳಿಸಿದರು. ಒರೆಸಲಿಲ್ಲ. “ಎಲ್ಲರೂ ನೋಡ್ತಿದ್ದರು,” ಎಂದರು ಮೆಲ್ಲಗೆ. “ತಪ್ಪಿದರೆ ನಗ್ತಾರೆ ಅಂತ ಗೊತ್ತಿತ್ತು.”

“ಮಕ್ಕಳಿಗೂ ಅಷ್ಟೇ ಸರ್,” ಎಂದೆ. ಆಮೇಲೆ ಅವರು ಕೇಳುತ್ತ ಹೋದರು, ನಾನು ಹೇಳುತ್ತ ಹೋದೆ. ಕೈಚೀಲ ಯಾವಾಗಲೋ ನೆಲಕ್ಕೆ ಬಿದ್ದಿತ್ತು.

ಕೆಲಸ ಸಿಕ್ಕಿತು. ಪ್ರೊಫೆಸರರ ಕೋಣೆಯ ಎದುರಿಗೇ ನನ್ನದು. ಅವರನ್ನು ನಾನು ಕ್ಷಮಿಸಿಲ್ಲ. ದಿನಾ ಬೆಳಿಗ್ಗೆ ನಮಸ್ಕಾರ ಹೇಳುತ್ತೇನೆ, ಅದರಲ್ಲೇ ಸ್ವಲ್ಪ ಖಾರ ಬೆರೆಸಿರುತ್ತೇನೆ.

ಸುದ್ದಿ ಹೇಳಲು ಮಾವನ ಮನೆಗೆ ಹೋದೆ. ಅವನು ಅಂಗಳದಲ್ಲಿ ಕೂತು ಕಸ ಗುಡಿಸುವ ಹಿಡಿ ಕಟ್ಟಲು ತೆಂಗಿನ ಕಡ್ಡಿ ಕೀಸುತ್ತಿದ್ದ.

“ಚಲೋ ಆಯ್ತು,” ಎಂದ. “ಕುರ್ಚಿ ಕೊಟ್ರಾ?”

“ಕೊಟ್ರು ಮಾವ.”

“ತಿರುಗ್ತದಾ?”

“ತಿರುಗ್ತದೆ.”

ಮಾವ ಕತ್ತಿ ಕೆಳಗಿಟ್ಟ. “ಇನ್ನ ಹೊಸಬ್ರನ್ನ ಆರ್ಸೂಕೆ ನೀನೂ ಕೂತ್ಕಣೂದಲ್ದಾ ಅದ್ರ ಮೇಲೆ?”

“ಹೌದು, ಕೂರ್ಬೇಕು.”

“ಹ್ಯಾಂಗೆ ಕೂತ್ಕಂತೆ? ಒಂದ್ಸಲ ತೋರ್ಸು, ನೋಡ್ವ.”

ಅವನ ಕಣ್ಣು ನನ್ನ ಹೊಸ ಕೈಚೀಲದ ಮೇಲಿತ್ತು. ಸುಗ್ಗಿಗೆ ಇನ್ನು ಬಹಳ ದಿನವಿರಲಿಲ್ಲ. ನಾನು ಚೀಲವನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿದೆ.

“ಸರ್ಸಿದ್ದೂ ನೋಡ್ದೆ,” ಎಂದ ಮಾವ.