ಬಾವಿಯ ಕಡೆಗಿನ ಕೋಣೆ

ನಿಮ್ಮ ಗೋಡೆಗೆ ತಾಗಿಕೊಂಡ ಬಾಡಿಗೆ ಕೋಣೆಗೆ, ವರ್ಷಗಟ್ಟಲೆ ಬಸ್ ತಂಗುದಾಣದಲ್ಲಿ ಮಲಗುತ್ತಿದ್ದ, ತನ್ನಷ್ಟಕ್ಕೇ ಮಾತಾಡುವ ಹೆಂಗಸೊಬ್ಬಳು ವಾಸಕ್ಕೆ ಬಂದರೆ ನೀವು ಒಪ್ಪುವಿರಾ? ಈ ಪ್ರಶ್ನೆಯನ್ನು ನಾನು ಅನೇಕ ವೇದಿಕೆಗಳಲ್ಲಿ ಕೇಳಿದ್ದೇನೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದವನಾದ್ದರಿಂದ, ಎದುರಿನವರು ಉತ್ತರಿಸುವ ಮೊದಲೇ ಮುಂದಿನ ಪ್ರಶ್ನೆಯನ್ನು ಸಿದ್ಧವಾಗಿಟ್ಟುಕೊಳ್ಳುವುದು ನನ್ನ ಅಭ್ಯಾಸವಾಗಿತ್ತು. ಆ ಅಭ್ಯಾಸದಿಂದಾಗಿ ಒಬ್ಬಳು ತನ್ನ ಕೋಣೆಯನ್ನು ಕಳೆದುಕೊಂಡಳು.

ಆಗ ನಾನು ಪೆರ್ಲದ ಸಮೀಪ ಶಾಲೆಯೊಂದರಲ್ಲಿ ಅಧ್ಯಾಪಕನಾಗಿದ್ದೆ. ಬೀದಿಯಲ್ಲಿ ಉಳಿದ ಮನೋರೋಗಿಗಳಿಗೆ ಔಷಧವನ್ನೂ ಸೂರನ್ನೂ ಒದಗಿಸಲು, ರಜಾದಿನಗಳಲ್ಲಿ ವಾರ್ಡಿನ ಆಶಾ ಕಾರ್ಯಕರ್ತೆಯ ಜೊತೆ ತಿರುಗುತ್ತಿದ್ದೆ. ತಂಗುದಾಣದ ಆ ಹೆಂಗಸಿಗೆ ಐವತ್ತು ದಾಟಿರಬೇಕು. ತುಳುವನ್ನೂ ಕನ್ನಡವನ್ನೂ ಬೆರೆಸಿ ಆಡುತ್ತಿದ್ದಳು. ಊರು ಯಾವುದೆಂದು ಕೇಳಿದರೆ ಮಾತ್ರ ಸುಮ್ಮನಾಗುತ್ತಿದ್ದಳು. ಆಶಾ ಕಾರ್ಯಕರ್ತೆ ಐದು ತಿಂಗಳು ದಿನವೂ ಚಹಾ ಕೊಂಡೊಯ್ದು ಪಕ್ಕದಲ್ಲಿ ಕುಳಿತ ಮೇಲೆ ಅವಳು ಮಾತ್ರೆಗೆ ಕೈ ಚಾಚಿದಳು. ಗಲ್ಫಿನಿಂದ ಮರಳಿ ಸಾಲಾಗಿ ನಾಲ್ಕು ಬಾಡಿಗೆ ಕೋಣೆಗಳನ್ನು ಕಟ್ಟಿಸಿದ್ದ ಒಬ್ಬರು, ನಮ್ಮ ಮಾತಿಗೆ ಒಪ್ಪಿ ಎರಡನೆಯ ಕೋಣೆಯನ್ನು ಅವಳಿಗೆ ಕೊಟ್ಟರು.

ಅವಳು ಬಾಗಿಲನ್ನು ಎಂದೂ ಮುಚ್ಚುತ್ತಿರಲಿಲ್ಲ. ಆದರೂ ಬೀಗದ ಕೈಯನ್ನು ಸೆರಗಿನ ತುದಿಗೆ ಕಟ್ಟಿಕೊಂಡೇ ಇರುತ್ತಿದ್ದಳು. ಬೆಳಿಗ್ಗೆ ಎದ್ದು ನಾಲ್ಕೂ ಕೋಣೆಗಳ ಜಗಲಿ ಗುಡಿಸಿ, ಎಲ್ಲರ ಚಪ್ಪಲಿಗಳನ್ನು ಒಟ್ಟುಮಾಡಿ, ದೊಡ್ಡದರಿಂದ ಚಿಕ್ಕದಕ್ಕೆ ಒಂದೇ ಸಾಲಿನಲ್ಲಿ ಜೋಡಿಸುತ್ತಿದ್ದಳು.

"ದಿನಾ ಚಪ್ಪಲಿ ಹುಡುಕುವುದೇ ಕೆಲಸ ಆಯ್ತಕ್ಕಾ," ಎಂದು ಪಕ್ಕದ ಕೋಣೆಯ ಟೈಲರನ ಹೆಂಡತಿ ಆಶಾ ಕಾರ್ಯಕರ್ತೆಗೆ ಹೇಳಿದ್ದಳು. "ನಾಳೆ ನನ್ನ ಗಂಡನನ್ನೂ ಆ ಸಾಲಲ್ಲಿ ನಿಲ್ಲಿಸಿಯಾರು."

ಇದು ನಗುವ ಸಂಗತಿ. ಆದರೆ ಕೆಲವೊಮ್ಮೆ ಅವಳು ಅವರಿವರ ಹೊಸ್ತಿಲಲ್ಲಿ ನಿಂತು ಕಾಣದ ಯಾರನ್ನೋ ಬೈಯುತ್ತಿದ್ದಳು, ಮಕ್ಕಳು ಹೆದರುತ್ತಿದ್ದರು. ಒಂದು ಕುಟುಂಬ ಕೋಣೆ ಬಿಡುವ ಮಾತೆತ್ತಿತು. ಮಾಲೀಕರು ನನ್ನನ್ನು ಹುಡುಕಿಕೊಂಡು ಶಾಲೆಗೆ ಬಂದರು.

"ಮಾಷ್ಟ್ರೇ, ಹಿಂದೆ ಬಾವಿಯ ಕಡೆ ಒಂದು ಕೋಣೆ ಉಂಟು. ಹಳೆ ಸಾಮಾನು ತುಂಬಿಸಿ ಇಟ್ಟದ್ದು. ಖಾಲಿ ಮಾಡಿ ಸುಣ್ಣ ಹೊಡೆಸ್ತೇನೆ. ಬಾಗಿಲು ಆಚೆ ಕಡೆಗೆ. ಅವರು ಬೇಕಾದಷ್ಟು ಗುಡಿಸ್ಲಿ, ಮಾತಾಡ್ಲಿ. ಆಗದಾ?"

ರೋಗಿಗಳನ್ನು ಕಣ್ಣಿಗೆ ಬೀಳದಂತೆ ಹಿಂದಕ್ಕೆ ತಳ್ಳುವುದನ್ನೇ ನಾನು ಜೀವಮಾನವಿಡೀ ವಿರೋಧಿಸಬೇಕೆಂದುಕೊಂಡಿದ್ದೆ. ಇದನ್ನು ನಾಲ್ಕು ಜನರೆದುರು ತೀರ್ಮಾನಿಸೋಣ ಎಂದೆ. ಭಾನುವಾರ ವಾಚನಾಲಯದಲ್ಲಿ ಸಭೆ ಕರೆದೆ.

"ಸಭೆ ಎಂತಕ್ಕೆ ಮಾಷ್ಟ್ರೇ?" ಎಂದಳು ಆಶಾ ಕಾರ್ಯಕರ್ತೆ. "ಮಾಲೀಕರ ಜಗಲಿಯಲ್ಲಿ ಕೂತು ಒಂದು ಚಾ ಕುಡಿದ್ರೆ ಮುಗಿಯುವ ಮಾತು."

ಅವಳಿಗೆ ತತ್ತ್ವದ ಪ್ರಶ್ನೆ ಅರ್ಥವಾಗಿಲ್ಲವೆಂದು ಭಾವಿಸಿದೆ.

ಸಭೆಯಲ್ಲಿ ನಾನು ಮಾಲೀಕರನ್ನು ಕೇಳಿದೆ: "ಗಲ್ಫಿನಲ್ಲಿ ಒಂದು ಕೋಣೆಯಲ್ಲಿ ಎಷ್ಟು ಜನ ಇದ್ದಿರಿ?"

"ಹತ್ತು ಜನ."

"ಊರು ನೆನೆದು ನೀವು ಅತ್ತಾಗ ಉಳಿದ ಒಂಬತ್ತು ಜನ ನಿಮ್ಮನ್ನು ಹಿಂದಿನ ಕೋಣೆಗೆ ಹಾಕಿದರಾ?"

"ಹೇಳಿ ಮಾರಾಯ್ರೇ, ಅತ್ತದ್ದು ಹೌದಾ?" ಎಂದು ಹಿಂದಿನ ಬೆಂಚಿನಿಂದ ಯಾರೋ ಕೂಗಿದರು. ಸಭೆ ನಕ್ಕಿತು. ಮಾಲೀಕರು ತಲೆ ತಗ್ಗಿಸಿದರು. ನನ್ನ ಮಾತು ಮುಗಿದಾಗ ಜನ ಚಪ್ಪಾಳೆ ತಟ್ಟಿದರು; ನನಗೆ ಸಂತೋಷವೂ ಆಯಿತು.

ಮರುದಿನ ಬೆಳಿಗ್ಗೆ ಮಾಲೀಕರು ಆಶಾ ಕಾರ್ಯಕರ್ತೆಯ ಮನೆಗೆ ಹೋಗಿ ಹೇಳಿದರು: "ತಿಂಗಳು ಮುಗಿಯುವಾಗ ಖಾಲಿ ಮಾಡಿಸಿ. ಆ ಹೆಂಗಸಿನ ಮೇಲೆ ನನಗೆ ಸಿಟ್ಟಿಲ್ಲ. ಊರೆದುರು ನನ್ನನ್ನು ಹಾಗೆ ನಿಲ್ಲಿಸಿದ್ರಲ್ಲ, ಇನ್ನು ನನ್ನಿಂದಾಗುವುದಿಲ್ಲ."

ನಾನು ಕ್ಷಮೆ ಕೇಳಲು ಹೋದೆ. ಅವರು ಜಗಲಿಯಲ್ಲಿ ಕೂರಿಸಿ ಚಹಾ ಕೊಟ್ಟರು, ಮಳೆಯ ವಿಷಯ ಮಾತಾಡಿದರು, ಕೋಣೆಯ ವಿಷಯ ಎತ್ತಲು ಬಿಡಲಿಲ್ಲ. ಬೇರೆ ಮಾಲೀಕರಲ್ಲಿ ವಿಚಾರಿಸಿದೆವು. "ಆಮೇಲೆ ನಮ್ಮನ್ನೂ ಸಭೆಗೆ ಕರೀತೀರಲ್ಲ ಮಾಷ್ಟ್ರೇ?" ಎಂದು ಒಬ್ಬರು ನಗುತ್ತಲೇ ಕೇಳಿದರು. ಎಲ್ಲಿಯೂ ಕೋಣೆ ಸಿಗಲಿಲ್ಲ.

ಹೊರಡುವ ದಿನವೂ ಅವಳು ಜಗಲಿ ಗುಡಿಸಿದಳು. ಸೆರಗಿನ ಗಂಟು ಬಿಚ್ಚಿ ಬೀಗದ ಕೈಯನ್ನು ಮಾಲೀಕರಿಗೆ ಕೊಟ್ಟಳು. ಅವರು ಬೇರೆಡೆ ನೋಡುತ್ತ ತೆಗೆದುಕೊಂಡರು. ಮತ್ತೆ ನನ್ನತ್ತ ತಿರುಗಿ, "ನಾನು ಎಂತ ತಪ್ಪು ಮಾಡಿದ್ದು?" ಎಂದು ಕೇಳಿದಳು. ಏನೂ ಇಲ್ಲ ಎಂದೆ. ಅವಳು ಸಾಲಿನಿಂದ ತನ್ನ ಚಪ್ಪಲಿಯನ್ನು ತೆಗೆದು ಮೆಟ್ಟಿಕೊಂಡಳು.

ತಂಗುದಾಣಕ್ಕೆ ಮರಳಿದ ಮೇಲೆ ಆಶಾ ಕಾರ್ಯಕರ್ತೆ ಮಾತ್ರೆ ಕೊಂಡುಹೋದರೆ ಅವಳು ಗೋಡೆಯತ್ತ ಮುಖ ಮಾಡುತ್ತಿದ್ದಳು. ಕೆಲವು ವಾರಗಳ ನಂತರ ಪುತ್ತೂರು ಕಡೆಯ ಬಸ್ಸು ಹತ್ತಿದಳಂತೆ. ಎಲ್ಲೋ ದಾರಿಯಲ್ಲಿ ಇಳಿದಳೆಂದು ಕಂಡಕ್ಟರ್ ಹೇಳಿದ. ಆ ದಾರಿಯ ಪ್ರತಿಯೊಂದು ನಿಲ್ದಾಣದಲ್ಲೂ ವಿಚಾರಿಸಿದೆವು. ಅವಳು ಸಿಗಲಿಲ್ಲ.

ಓದುಗರಲ್ಲಿ ನನ್ನದೊಂದು ವಿನಂತಿ. ನಿಮ್ಮಲ್ಲಿ ಖಾಲಿ ಕೋಣೆಯಿದ್ದರೆ, ಅದು ಹಿತ್ತಿಲಿನದಾದರೂ ಸರಿ, ನಿಮ್ಮ ವಾರ್ಡಿನ ಆಶಾ ಕಾರ್ಯಕರ್ತೆಗೆ ತಿಳಿಸಿ. ನಿಮ್ಮ ಅಂಜಿಕೆಗಳನ್ನೂ ಷರತ್ತುಗಳನ್ನೂ ಜೊತೆಗೇ ಹೇಳಿಬಿಡಿ.